ಇಬ್ಬರು ಮುದುಕರು ಮತ್ತು ಒಂಬತ್ತರ ಬಸ್ಸು

ಎರಡು ನಾಟಕಗಳ ಇಬ್ಬರು ಮುದುಕರನ್ನು ಹೋಲಿಸಿ ಮಾತಾಡಬೇಕೆಂದು ಶಿವಮೊಗ್ಗದ ಸಾಹಿತ್ಯ ಬಳಗದವರು ಕೇಳಿದಾಗ, ಈ ಕೆಲಸಕ್ಕೆ ನನ್ನಷ್ಟು ಯೋಗ್ಯನಾದವನು ಜಿಲ್ಲೆಯಲ್ಲೇ ಇಲ್ಲವೆಂದು ನನಗೆ ಕೂಡಲೇ ಹೊಳೆಯಿತು. ಇಬ್ಬರೂ ಪಶ್ಚಾತ್ತಾಪ ಪಡುವ ಮುದುಕರು. ಒಬ್ಬ ವೀರಣ್ಣ. ಭದ್ರಾವತಿಯ ನಮ್ಮ ಕಾರ್ಖಾನೆ ತಂಡದ ನಾಟಕದಲ್ಲಿ ಆ ಪಾತ್ರವನ್ನು ಹದಿನಾಲ್ಕು ಸಲ ಮಾಡಿದವನು ನಾನೇ. ತಮ್ಮನ ಕಾಲಿಗೆ ಬಿದ್ದು ವೀರಣ್ಣ ಕ್ಷಮೆ ಕೇಳುವಾಗ ಕ್ವಾರ್ಟರ್ಸಿನ ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಆಗ ನನಗೆ ಮೂವತ್ತು ವರ್ಷ. ತಲೆಗೆ ಬಳಿದ ಪೌಡರಿಗೆ ಮಾತ್ರ ಎಪ್ಪತ್ತು!

ಇನ್ನೊಬ್ಬ ಸಿದ್ದಪ್ಪ. ಅವನನ್ನು ಬರೆದವನೂ ಆಡಿದವನೂ ಮಲ್ಲೇಶಿ. ಮೊದಲು ಮಲ್ಲೇಶಿ ನಮ್ಮ ತಂಡದಲ್ಲೇ ಇದ್ದ. ನಮಗೆ ಒಂದೇ ಶಿಫ್ಟು, ಒಂದೇ ಬುತ್ತಿ. ಒಮ್ಮೆ ತಾಲೀಮಿನಲ್ಲಿ ಅವನು ಮಾತು ಮರೆತಾಗ ಎಲ್ಲರೆದುರು, “ನೀನು ಪರದೆ ಎಳೆಯೋಕೆ ಲಾಯಕ್ಕು” ಎಂದುಬಿಟ್ಟೆ. ಎಲ್ಲರೂ ನಕ್ಕರು. ಮರುದಿನದಿಂದ ಅವನು ಬರಲಿಲ್ಲ. ಶಿವಮೊಗ್ಗ ಸೇರಿ ತನ್ನದೇ ತಂಡ ಕಟ್ಟಿದ. ಹತ್ತು ವರ್ಷ ಮಾತಿಲ್ಲ. ಬುತ್ತಿಯನ್ನು ಒಬ್ಬನೇ ಬಿಚ್ಚುತ್ತಿದ್ದೆ.

ತೊಂಬತ್ತರ ದಶಕದ ಕೊನೆಯಲ್ಲೊಮ್ಮೆ ಅವನ ನಾಟಕದ ಎರಡು ಪಾಸು ಅಂಚೆಯಲ್ಲಿ ಬಂದವು. ನಾನೂ ನನ್ನ ಹೆಂಡತಿ ಗಿರಿಜಳೂ ಹೋದೆವು. ಗೆಳೆಯನ ಒಂದು ಮಾತಿಗೆ ಮುನಿದು, ಮುಪ್ಪಿನಲ್ಲಿ ಕುರ್ಚಿಯ ಮೇಲೆ ಕೂತು ಕೊರಗುವ ಸಿದ್ದಪ್ಪನನ್ನು ಕಂಡು ನನ್ನ ಎದೆ ಚುರ್ರೆಂದಿತು. ಆದರೆ ಬೆಳಿಗ್ಗೆ ಆರಕ್ಕೆ ಶಿಫ್ಟು! ಭದ್ರಾವತಿಯ ನಾವು ಶಿವಮೊಗ್ಗದ ನಾಟಕಗಳನ್ನು ಮುಕ್ಕಾಲು ನೋಡಿ, ಒಂಬತ್ತರ ಬಸ್ಸಿಗೆ ಎದ್ದು, ಉಳಿದ ಕಾಲು ಭಾಗವನ್ನು ಬಸ್ಸಿನಲ್ಲಿ ನಾವೇ ರಚಿಸಿಕೊಳ್ಳುತ್ತಿದ್ದೆವು. ಅರ್ಧ ದಾರಿಯ ಮಾಚೇನಹಳ್ಳಿ ಬರುವಷ್ಟರಲ್ಲಿ ಎಂಥ ಕಥೆಯೂ ಮುಗಿದಿರುತ್ತಿತ್ತು.

“ಸಿದ್ದಪ್ಪ ಕುರ್ಚಿಯಲ್ಲೇ ಸಾಯ್ತಾನೆ,” ಎಂದು ಆ ರಾತ್ರಿಯೂ ಬಸ್ಸಿನಲ್ಲಿ ತೀರ್ಪು ಕೊಟ್ಟೆ.

“ಅದಿರ್ಲಿ, ಮಲ್ಲೇಶಣ್ಣನ್ನ ಮಾತಾಡಿಸ್ದೆ ಬಂದ್ವಲ್ರೀ,” ಎಂದಳು ಗಿರಿಜ.

“ಬೇಕಾದ್ರೆ ಅವನೇ ಬರ್ತಾನೆ ಬಿಡು!”

ಇಂಥ ಆಳವಾದ ಅಧ್ಯಯನದೊಂದಿಗೆ, ಎಷ್ಟೋ ವರ್ಷಗಳ ನಂತರ, ಸಾಹಿತ್ಯ ಬಳಗದ ಸಭೆಯಲ್ಲಿ ನಾನು ಭಾಷಣಕ್ಕೆ ನಿಂತೆ. ಸಭೆಯ ನಡುವೆ ಗಿರಿಜ ಕೂತಿದ್ದಳು, ಹಿಂದಿನ ಸಾಲಿನಲ್ಲಿ ಮಲ್ಲೇಶಿ. ಅವನನ್ನು ಕಂಡದ್ದೇ ನನ್ನ ದನಿ ಏರಿತು.

“ಮಹನೀಯರೇ, ವೀರಣ್ಣ ಕ್ಷಮೆ ಕೇಳಿದ ಧೀರ. ಸಿದ್ದಪ್ಪ ಹೇಡಿ! ಪಶ್ಚಾತ್ತಾಪವಿದ್ದರೂ ಏಳಲಿಲ್ಲ, ಕುರ್ಚಿಯಲ್ಲೇ ಸತ್ತ!”

ಸಭೆ ಮುಖ ಮುಖ ನೋಡಿಕೊಂಡಿತು. ಮುಂದಿನ ಸಾಲಿನ ಮೇಡಂ ಒಬ್ಬರು ಎದ್ದರು.

“ಯಾವಾಗ ಸತ್ತ ಸಾರ್? ಕೊನೇ ಸೀನಲ್ಲಿ ಅವನೇ ಎದ್ದು ಗೆಳೆಯನ್ನ ಹುಡುಕ್ಕೊಂಡು ಹೋಗ್ತಾನಲ್ಲ!”

“ಅದು... ಸಾಂಕೇತಿಕ ಸಾವು,” ಎಂದೆ.

“ಯಾಕ್ರೀ ಸುಳ್ಳು?” ಗಿರಿಜಳ ದನಿ ಮೈಕಿಗಿಂತ ಚೆನ್ನಾಗಿ ಕೇಳಿಸಿತು. “ನಾವು ಬಸ್ಸಿಗೆ ಎದ್ದು ಹೋದ್ವಲ್ಲ!”

ಸಭೆ ಘೊಳ್ಳೆಂದಿತು. ಮಲ್ಲೇಶಿ ಮಾತ್ರ ನಗಲಿಲ್ಲ. ಎದ್ದು ವೇದಿಕೆಯ ಹತ್ತಿರ ಬಂದ.

“ಆ ಸೀನು ನಿನಗೇ ಅಂತ ಬರ್ದಿದ್ದೆ ಮಾರಾಯ. ಸ್ಟೇಜ್ ಇಳಿದು ನಿನ್ನ ಕುರ್ಚಿ ಹತ್ರ ಬಂದೆ. ಖಾಲಿ! ಲೈಟ್ ಬೇರೆ ನನ್ನ ಮೇಲೇ ಇತ್ತು. ಏನ್ ಮಾಡ್ಲಿ? ಪಕ್ಕದಲ್ಲಿ ಕಡಲೆಕಾಯಿ ತಿಂತಿದ್ದೋನ ಕೈ ಹಿಡ್ಕೊಂಡು ‘ಗೆಳೆಯಾ’ ಅಂತ ಅತ್ತೆ. ಅವ್ನು ಹೆದ್ರಿ ಪೊಟ್ಟಣ ಬಿಟ್ಟು ಓಡ್ದ!”

ಈಗ ಅವನೂ ನಕ್ಕ. ನನಗೆ ನಗು ಬರಲಿಲ್ಲ. ತಪ್ಪು ಮಾಡಿದವನು ನಾನು, ಎದ್ದು ಬಂದವನು ಅವನು, ಈಗಲೂ ಎದುರು ಬಂದು ನಿಂತವನು ಅವನೇ. ಕ್ಷಮೆ ಕೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಎಲ್ಲಿ ಸಿಗಬೇಕು? ವೇದಿಕೆ ಇಳಿದೆ, ಗಂಟಲು ಸರಿಮಾಡಿಕೊಂಡೆ. ವೀರಣ್ಣನ ಎರಡು ಪುಟದ ಕಣ್ಣೀರಿನ ಮಾತಿನಲ್ಲಿ ಒಂದು ಅಕ್ಷರವೂ ನಾಲಿಗೆಗೆ ಬರಲಿಲ್ಲ. ಅವನ ಕೈ ಹಿಡಿದುಕೊಂಡು, ಸಂಜೆ ಐದು ಗಂಟೆಯ ಹೊತ್ತಿನಲ್ಲಿ ಕೇಳಿದೆ:

“ಊಟ ಆಯ್ತಾ?”

“ಇನ್ನೂ ಇಲ್ಲ ಮಾರಾಯ,” ಎಂದ ಮಲ್ಲೇಶಿ, ಕಣ್ಣೊರೆಸಿಕೊಂಡು.

ಹದಿನಾಲ್ಕು ಪ್ರದರ್ಶನ ಕೊಟ್ಟ ಮಹಾನಟನಿಗೆ ಸ್ವಂತವಾಗಿ ಹುಟ್ಟಿದ ಡೈಲಾಗು ಅದೊಂದೇ!