ಕಪ್ಪೆಯ ಕನ್ಯಾದಾನ

ಕಾಲೇಜಿಗೆ ಸುಣ್ಣ ಹೊಡೆಸದೆ ಇದ್ದಿದ್ದರೆ ಮೈಲಾರಪ್ಪ ಆ ದಿನ ಯಾರಿಗೂ ಬೀಗನಾಗುತ್ತಿರಲಿಲ್ಲ.

ಪುಣೆಯಿಂದ ದೊಡ್ಡ ಪ್ರೊಫೆಸರರೊಬ್ಬರು ಬರುತ್ತಾರೆಂದು ಹುಬ್ಬಳ್ಳಿಯ ಆ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ ಸುಣ್ಣ ಬಳಿಯುತ್ತಿದ್ದರು. ಅಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದ ಮೈಲಾರಪ್ಪನಿಗೆ ತನ್ನ ಕಪ್ಪೆಯದೇ ಚಿಂತೆ. ಸುಣ್ಣದ ಘಾಟಿಗೆ ಅದು ಸತ್ತರೆ? ಮಡಕೆಯಲ್ಲಿ ಹಸಿ ಬಟ್ಟೆ ಹಾಸಿ, ಅದನ್ನು ಕೂರಿಸಿ, ಸೈಕಲ್ಲಿಗೆ ಕಟ್ಟಿಕೊಂಡು ಹಿಂದಿನ ಸಂಜೆಯೇ ಗೋಪನಕೊಪ್ಪದ ತನ್ನ ಬಾಡಿಗೆ ಮನೆಗೆ ತಂದಿಟ್ಟ.

ಅದು ಅಂತಿಂಥ ಕಪ್ಪೆಯಲ್ಲ. ೧೯೬೮ರ ಆ ಜುಲೈನಲ್ಲಿ ಮೂರು ವಾರದಿಂದ ಹನಿ ಮಳೆಯಿಲ್ಲ. ಶಿರಗುಪ್ಪಿಯ ಕೆರೆಯ ಕೆಸರನ್ನು ಮೊಣಕಾಲುದ್ದ ತುಳಿದು ಅವನು ಎರಡೇ ಎರಡು ಹೆಣ್ಣುಕಪ್ಪೆ ಹಿಡಿದಿದ್ದ. ಒಂದರ ಇನ್ನೂ ಮಾಗದ ಹಸಿ ತತ್ತಿಗಳು ಕಾಲೇಜಿನಲ್ಲಿ ಉಪ್ಪುನೀರಿನ ಬಟ್ಟಲಿನಲ್ಲಿದ್ದವು. ಬರೀ ನೀರಿಗೆ ಹಾಕಿದರೆ ಅವು ನೀರು ಹೀರಿ ಹೀರಿ ಊದಿಕೊಂಡು ಒಡೆಯುತ್ತಿದ್ದವು. ಇನ್ನೊಂದಕ್ಕೆ ಹಿಂದಿನ ದಿನ ಬೆಳಿಗ್ಗೆ ಹಾರ್ಮೋನ್ ಚುಚ್ಚಿದ್ದ. ಹಾರ್ಮೋನಿನಿಂದ ಮಾಗಿದ ತತ್ತಿಯ ಪೊರೆ ಬಿಗಿಯಾಗುತ್ತದೆ, ನೀರನ್ನು ಮೊದಲಿನಂತೆ ಒಳಗೆ ಬಿಡುವುದಿಲ್ಲ ಎಂದು ಆ ದಿನ ಮಧ್ಯಾಹ್ನ ಮೂರಕ್ಕೆ ಪ್ರೊಫೆಸರರಿಗೆ ತೋರಿಸಿದರೆ ಪುಣೆಯಲ್ಲಿ ಸಂಶೋಧನೆಗೆ ಜಾಗ. ಇಲ್ಲವಾದರೆ ರಿಟೈರಾಗುವ ತನಕ ಹುಡುಗರಿಗೆ ಜಿರಳೆ ಕೊಯ್ದು ತೋರಿಸುತ್ತ ಇರಬೇಕು.

ಬೆಳಿಗ್ಗೆ ಗಡ್ಡ ಮಾಡಿಸಿಕೊಂಡು ಬಂದು ನೋಡಿದರೆ ಮಡಕೆ ಖಾಲಿ.

"ಸಾವಂತ್ರೆವ್ವಾರ, ನನ್ನ ಕಪ್ಪಿ ಎಲ್ಲೈತ್ರಿ?"

ಮನೆಯೊಡತಿ ಸಾವಂತ್ರೆವ್ವ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತದೆ ಹೇಳಿದಳು: "ಲಗ್ನಕ್ಕ ಹೋಗೇತ್ರಿ."

"ಯಾರ ಲಗ್ನಕ್ಕ?"

"ಅದರದ ಲಗ್ನಕ್ಕ. ಮಳಿ ಇಲ್ಲಲ್ಲರಿ, ಓಣ್ಯಾಗಿನ ಹೆಣ್ಮಕ್ಕಳು ಗುಡಿ ಕಟ್ಟಿ ಮ್ಯಾಲೆ ಕಪ್ಪಿ ಲಗ್ನಾ ಮಾಡಾಕತ್ತಾರ. ಗಂಡು ಉಡಚಪ್ಪನ ಬಾವ್ಯಾಗ ಸಿಕ್ತು. ಹೆಣ್ಣು ಎಲ್ಲೂ ಸಿಗಲಿಲ್ಲ. ನಿಮ್ಮದು ಮೈಕೈ ತುಂಬ್ಕೊಂಡು ಛಲೋ ಇತ್ತು, ಕೊಟ್ಟಬಿಟ್ಟೆ."

ಮೈಲಾರಪ್ಪ ಕಿವಿಯ ಹಿಂದಿನ ಸೋಪಿನ ನೊರೆಯನ್ನೂ ಒರೆಸಿಕೊಳ್ಳದೆ ಗುಡಿಯ ಕಟ್ಟೆಗೆ ಓಡಿದ. ಹಿತ್ತಾಳೆ ಪರಾತದ ನೀರಿನಲ್ಲಿ ಅವನ ಕಪ್ಪೆ ಅರಿಷಿಣ ಕುಂಕುಮ ಹಚ್ಚಿಸಿಕೊಂಡು ಗಂಭೀರವಾಗಿ ಕುಳಿತಿತ್ತು. ಪಕ್ಕದಲ್ಲಿ ಬಡಕಲು ವರ, ಪರೀಕ್ಷೆಗೆ ಓದದೆ ಬಂದ ವಿದ್ಯಾರ್ಥಿಯಂತೆ ಕಣ್ಣು ಪಿಳಿಪಿಳಿ ಬಿಡುತ್ತಿದ್ದ.

"ಮುಟ್ಟಬ್ಯಾಡ್ರಿ! ಅದಕ್ಕ ಇಂಜೆಕ್ಷನ್ ಮಾಡೇನಿ! ಹೊಟ್ಟಿ ತುಂಬ ತತ್ತಿ ಅದಾವ, ಮಧ್ಯಾಹ್ನದೊಳಗ ಮಾಗತಾವ!"

ಸೋಬಾನೆ ಪದ ಅರ್ಧಕ್ಕೇ ನಿಂತಿತು. ಉಡಚಪ್ಪನ ಹೆಂಡತಿ ರುಕ್ಮವ್ವ, ಅಂದರೆ ಗಂಡಿನ ತಾಯಿ, ಸೊಂಟದ ಮೇಲೆ ಕೈಯಿಟ್ಟಳು.

"ಏನ್ರಿ ಮಾಸ್ತರ, ಬಸುರಿ ಹೆಣ್ಣನ್ನ ಮುಚ್ಚಿಟ್ಟು ನಮ್ಮ ಹುಡುಗಗ ಕಟ್ಟಾಕ ನೋಡಿದ್ರೇನು?"

"ಬಸುರಿ ಅಲ್ಲರಿ! ಬರೇ ತತ್ತಿ!"

"ಮತ್ತ ಅದಕ್ಕೇನಂತಾರ?"

ಇಲ್ಲಿಗೆ ಬಂದಾಗ ಮೈಲಾರಪ್ಪ ಕಪ್ಪೆಯ ಮಾಲಕನಾಗಿದ್ದ. ಈಗ ನೋಡಿದರೆ ಮರ್ಯಾದೆ ಕಳಕೊಂಡ ಹೆಣ್ಣಿನ ಅಪ್ಪನಾಗಿದ್ದ. ತರಗತಿಯಲ್ಲಿ ಹೇಳುವಂತೆಯೇ ಹೇಳಿದ: "ನೋಡ್ರಿ, ಹಸಿ ತತ್ತಿ ಅಂದ್ರ ಬಾಗಲಾ ತೆರದ ಮನಿ ಇದ್ದಂಗ. ನೀರು ಸೀದಾ ಒಳಗ ಬರತೈತಿ, ಒಡದ ಹೋಗತೈತಿ. ಹಾರ್ಮೋನ್ ಕೊಟ್ಟ ಮ್ಯಾಲೆ ಬಾಗಲಾ ಮುಚ್ಚಿಕೊಂತೈತಿ. ಯಾಕ ಅನ್ನೂದನ್ನ ದೊಡ್ಡ ದೊಡ್ಡವರು ಹುಡಕಾಕತ್ತಾರ."

ಕಟ್ಟೆಯ ಮೂಲೆಯಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದ ಮುದುಕಿ ಮುತ್ತವ್ವ ಕೈ ನಿಲ್ಲಿಸಿದಳು.

"ಇದರಾಗ ಹುಡಕೂದೇನೈತೋ ತಮ್ಮಾ? ತಾಯಿ ಹೊಟ್ಯಾಗ ಇರೂತನಕ ಬಾಗಲಾ ಯಾಕ ಬೇಕು? ನಾಳಿಗಿ ಕೆರಿ ನೀರಾಗ ತಾನೊಂದ ಬೀಳಬೇಕಲ್ಲ, ಅದಕ್ಕ ಗಟ್ಟಿ ಆಗತೈತಿ. ನಾ ಅತ್ತಿ ಮನಿಗಿ ಬರೂ ಮುಂದ ಗಟ್ಟಿ ಆಗಲಿಲ್ಲೇನು?"

ವಿಭಾಗದ ಮುಖ್ಯಸ್ಥ ಹಂಚಿನಮನಿ ಸರ್ ಒಂದು ವರ್ಷ ಹೇಳಿದ್ದನ್ನು ಈ ಮುದುಕಿ ಒಂದು ಉಸಿರಿನಲ್ಲಿ ಹೇಳಿ ಮತ್ತೆ ಕುಟ್ಟಲು ಹತ್ತಿದ್ದಳು.

"ಹಂಗಾದ್ರ ಹೆಣ್ಣು ಚೊಕ್ಕ ಐತಿ. ಅಕ್ಕಿಕಾಳು ಹಾಕ್ರಿ," ಎಂದು ತೀರ್ಪನ್ನೂ ಕೊಟ್ಟಳು.

ಮುಗಿದ ಮೇಲೆ ಕಪ್ಪೆಯನ್ನು ಕೊಡುತ್ತೇವೆಂಬ ಮಾತಿನ ಮೇಲೆ ಮೈಲಾರಪ್ಪ ಒಪ್ಪಿದ. ಹೆಣ್ಣಿನ ಕಡೆಯವರು ಬೇರೆ ಯಾರೂ ಇರಲಿಲ್ಲವಾದ್ದರಿಂದ ಕನ್ಯಾದಾನವನ್ನೂ ಅವನೇ ಮಾಡಬೇಕಾಯಿತು. ಸ್ವಂತ ಲಗ್ನವಿನ್ನೂ ಆಗದ ಅವನು ಧಾರೆಯ ನೀರನ್ನು ಒಂದು ಹನಿಯೂ ಆಚೆ ಬೀಳದಂತೆ ಬಿಟ್ಟ.

ಅಕ್ಕಿಕಾಳು ಬಿದ್ದದ್ದೇ ತಡ, ವರ ಎಗರಿ ವಧುವಿನ ಬೆನ್ನೇರಿ ಬಿಗಿಯಾಗಿ ಅಪ್ಪಿಕೊಂಡ. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ನೋಡನೋಡುತ್ತಿದ್ದಂತೆ ಪರಾತದ ತುಂಬ ಕರಿಮಣಿಯಂಥ ತತ್ತಿಗಳು! ಮೈಲಾರಪ್ಪ ಕುಪ್ಪಳಿಸಿದ. ಬರೀ ನೀರಿನಲ್ಲಿ ಅರ್ಧ ಗಂಟೆ ಕಳೆದರೂ ಒಂದೂ ಒಡೆಯಲಿಲ್ಲ. ಇನ್ನು ಕಪ್ಪೆ ಯಾಕೆ ಬೇಕು? ಗಂಡ ಹೆಂಡತಿಯನ್ನು ಉಡಚಪ್ಪನ ಬಾವಿಗೆ ಬಿಡಲು ಹೇಳಿ, ತತ್ತಿಗಳನ್ನು ಊಟದ ಡಬ್ಬಿಗೆ ತುಂಬಿಕೊಂಡು ಕಾಲೇಜಿಗೆ ಹೊರಟ. ದಾರಿಯಲ್ಲೇ ಮೋಡ ಕವಿಯಿತು. ಕಾಲೇಜು ಮುಟ್ಟುವಷ್ಟರಲ್ಲಿ ಮಳೆ ಕೊಡ ಬೋರಲು ಹಾಕಿದ ಹಾಗೆ ಸುರಿಯತೊಡಗಿತ್ತು.

ಪುಣೆಯ ಪ್ರೊಫೆಸರು ಮೂಲತಃ ಬೆಳಗಾವಿಯವರು. ಹಸಿ ತತ್ತಿಗಳು ನೀರಿನಲ್ಲಿ ಊದಿ ಒಡೆದದ್ದನ್ನೂ, ಡಬ್ಬಿಯವು ಗುಂಡಗೆ ಕುಳಿತದ್ದನ್ನೂ ಕಂಡು "ವ್ಹಾ, ಭಾಳ ಛಲೋ!" ಎಂದರು. ಹಂಚಿನಮನಿ ಸರ್ ಬೀಗಿದರು. ಆಮೇಲೆ ಪ್ರೊಫೆಸರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.

"ಮೈಲಾರಪ್ಪ, ಇವು ಬರೇ ಮಾಗ್ಯಾವ ಅಂದಿರಿ. ಒಂದೊಂದು ತತ್ತಿ ಸೀಳಿ ಎಂಟೆಂಟು ಭಾಗ ಆಗೇತಲ್ಲರಿ? ಇವು ತತ್ತಿ ಅಲ್ಲ, ಮರಿ ಆಗಾಕ ಹೊಂಟಾವ. ಗಂಡು ಎಲ್ಲಿಂದ ಬಂತು?"

ಗಂಡು ಬಂದದ್ದು ಬೀಗರ ಕಡೆಯಿಂದ. ಇಷ್ಟು ಓದಿದ ಮೈಲಾರಪ್ಪ ತತ್ತಿ ಕಂಡ ಸಂತೋಷದಲ್ಲಿ ಮದುಮಗನನ್ನೇ ಮರೆತಿದ್ದ.

ಪ್ರೊಫೆಸರು ಒಳ್ಳೆಯವರು. "ಬಿಗಿ ಆದದ್ದು ಹಾರ್ಮೋನಿನಿಂದೋ, ಗಂಡಿನಿಂದೋ, ಹೆಂಗ ಹೇಳೂದು? ನಾ ನಾಡಿದ್ದು ಸಂಜಿತನಕ ಇರತೇನಿ. ಇನ್ನೊಂದು ಹೆಣ್ಣಿಗೆ ಇಂಜೆಕ್ಷನ್ ಕೊಟ್ಟು, ಗಂಡಿಲ್ಲದಂಗ ಅದೊಂದನ್ನ ಇಟ್ಟು ತೋರಸ್ರಿ," ಎಂದರು.

ಮೈಲಾರಪ್ಪನ ಜೀವ ಮರಳಿತು. ಹೊರಗೆ ಮಳೆ, ಊರ ತುಂಬ ವಟವಟ. ಇನ್ನು ಕಪ್ಪೆಗೇನು ಬರ?

ಮಾರನೆಯ ಬೆಳಿಗ್ಗೆ ಬಲೆ ಹಿಡಿದು ಹೊಂಡ, ಕಾಲುವೆ, ಹಿತ್ತಲು ಎಲ್ಲ ಜಾಲಾಡಿದ. ನೀರು ಕಂಡಲ್ಲೆಲ್ಲ ತತ್ತಿ ತೇಲುತ್ತಿದ್ದವು. ಹಿಡಿದ ಹನ್ನೊಂದು ಹೆಣ್ಣುಕಪ್ಪೆಗಳ ಹೊಟ್ಟೆಯೂ ಗಾಳಿ ಹೋದ ಸೈಕಲ್ ಟ್ಯೂಬಿನಂತೆ ಜೋತುಬಿದ್ದಿತ್ತು. ಅವನು ಒಂದು ಕಪ್ಪೆಗೆ ಕಷ್ಟಪಟ್ಟು ಮಾಡಿದ್ದನ್ನು ಮಳೆ ಒಂದೇ ರಾತ್ರಿಯಲ್ಲಿ ಊರಿನ ಎಲ್ಲ ಕಪ್ಪೆಗಳಿಗೂ ಮಾಡಿ ಮುಗಿಸಿತ್ತು.

ಸೋತು ಮನೆಗೆ ಬಂದರೆ ಕಟ್ಟೆಯ ಮೇಲೆ ರುಮಾಲಿನ ಹಿರಿಯರೊಬ್ಬರು ಕಾಯುತ್ತಿದ್ದರು.

"ಇವರು ಗಿರಿಯಪ್ಪನವರ್ರಿ, ಗಬ್ಬೂರಿಂದ ಬಂದಾರ," ಎಂದಳು ಸಾವಂತ್ರೆವ್ವ. "ನಿನ್ನಿ ಮಳಿ ಇಲ್ಲೇ ನಿಂತಬಿಟ್ಟತಂತ. ಅವರೂರಾಗ ಒಂದ ಹನಿ ಬಿದ್ದಿಲ್ಲ."

ಮೈಲಾರಪ್ಪನ ಕಣ್ಣು ಅರಳಿದವು. ಮಳೆ ಬೀಳದ ಊರೆಂದರೆ ಕಪ್ಪೆಗಳ ಹೊಟ್ಟೆ ಇನ್ನೂ ತುಂಬಿಯೇ ಇರಬೇಕು! ಗಿರಿಯಪ್ಪನ ಎರಡೂ ಕೈ ಹಿಡಿದುಕೊಂಡ.

"ಯಜಮಾನ್ರ, ನಿಮ್ಮ ಕಾಲ ಬೀಳತೇನಿ. ನಿಮ್ಮೂರಾಗಿಂದ ಒಂದ ಹೆಣ್ಣಕಪ್ಪಿ ಹುಡುಕಿ ಕೊಡ್ರಿ, ಲಗೂನ!"

ಗಿರಿಯಪ್ಪ ಮೆಲ್ಲನೆ ಕೈ ಬಿಡಿಸಿಕೊಂಡು ಸಾವಂತ್ರೆವ್ವನ ಮುಖ ನೋಡಿದ.

"ಏನವ್ವಾ ಇದು? ನಮ್ಮೂರಾಗ ಕಪ್ಪಿ ಲಗ್ನಕ್ಕ ಹೆಣ್ಣಿದ್ರ, ನಿಮ್ಮ ಮಾಸ್ತರ್ನ ಬೀಗತನ ಕೇಳಾಕ ನಾ ಇಲ್ಲೀತನಕ ನಡಕೊಂಡು ಬರತಿದ್ನೇನು?"