ಮಣ್ಣೂರ ಗಡ್ಡಿಯ ಪ್ರವಾಸಿ ಮಂದಿರ

ಮಣ್ಣೂರಿನ ಹತ್ತಿರ ಭೀಮಾ ನದಿಯ ನಡುವೆ ಒಂದು ಉಷ್ಣವಲಯದ ದ್ವೀಪವಿದ್ದು, ಅದರ ಮೇಲೆ ಒಂದು ಪ್ರವಾಸಿ ಮಂದಿರ, ಒಂದು ತೆಂಗಿನ ತೋಪು ಮತ್ತು ವಾಯುವಿಹಾರಕ್ಕೆ ಯೋಗ್ಯವಾದ ಒಂದು ಕಾಲುದಾರಿ ಇದ್ದವೆಂಬುದು ಎಂಬತ್ತರ ದಶಕದ ನಡುವಿನಲ್ಲಿ ಸರ್ಕಾರಿ ದಾಖಲೆಗಳಿಂದ ಸಂಶಯಕ್ಕೆಡೆಯಿಲ್ಲದಂತೆ ಸಿದ್ಧವಾದ ಸಂಗತಿಯಾಗಿದೆ. ಊರಿನವರು ಅದನ್ನು ಗಡ್ಡಿ ಎನ್ನುತ್ತಿದ್ದರು. ಉಷ್ಣವಲಯ ಎಂಬುದರ ಬಗ್ಗೆ ಮಾತ್ರ ಯಾರದೂ ತಕರಾರಿರಲಿಲ್ಲ. ಆ ಊರಿರುವ ಅಫಜಲಪುರ ತಾಲೂಕಿನ ಮೇ ತಿಂಗಳನ್ನು ಕಂಡವರು ತಕರಾರು ಮಾಡುವಂತೆಯೂ ಇರಲಿಲ್ಲ.

ಇವಿಷ್ಟನ್ನೂ ಕಟ್ಟಿದವನು ಗುರಣ್ಣ ಹಿರೋಳ್ಳಿ. ಇಟ್ಟಿಗೆ, ಸಿಮೆಂಟು ಮುಟ್ಟದೆ ಕಟ್ಟಿದ. ಅವನು ಆಳಂದದಿಂದ ಹೊರಡುವ ‘ನಿರ್ಭೀತ’ ವಾರಪತ್ರಿಕೆಯ ವಿಶೇಷ ವರದಿಗಾರ. ವಿಶೇಷವಲ್ಲದ ವರದಿಗಾರರು ಆ ಪತ್ರಿಕೆಗೆ ಇರಲಿಲ್ಲ. ಜೇವರ್ಗಿಯಲ್ಲಿ ತೆರೆದಿದ್ದ ಉಷ್ಣವಲಯ ದ್ವೀಪಾಭಿವೃದ್ಧಿ ಉಪಕಚೇರಿಯ ನಿಯಮ ಹೀಗಿತ್ತು: “ಪೂರ್ಣಗೊಂಡಿದೆಯೆಂದು ಪತ್ರಿಕೆಯಲ್ಲಿ ಪ್ರಕಟವಾದ ಕಾಮಗಾರಿಯನ್ನು ಪೂರ್ಣಗೊಂಡ ಕಾಮಗಾರಿಯೆಂದೇ ಪರಿಗಣಿಸತಕ್ಕದ್ದು. ಸ್ಥಳ ಪರಿಶೀಲನೆಗೆಂದು ಹೋಗಿ ಸರ್ಕಾರದ ಡೀಸೆಲ್ ಹಾಳು ಮಾಡತಕ್ಕದ್ದಲ್ಲ.”

ಪತ್ರಿಕೆಯ ಮಾಲೀಕರು ಶಾಂತಲಿಂಗಪ್ಪನವರು, ತೊಗರಿಯ ದಲ್ಲಾಳಿ ವ್ಯಾಪಾರ ಮಾಡುವ ಅಡತಿ ಅಂಗಡಿಯವರು. ಅಚ್ಚಿನ ಮೊಳೆ ಜೋಡಿಸುವುದು ಬುಧವಾರ, ಸಮಾರಂಭಗಳು ನಡೆಯುವುದು ಶನಿವಾರ. ಆದ್ದರಿಂದ ಅವರ ಪತ್ರಿಕೆಯಲ್ಲಿ ಸುದ್ದಿ ಮೊದಲು ಬಂದು ಘಟನೆ ಆಮೇಲೆ ಬರುವ ಪದ್ಧತಿ ಇತ್ತು. ಪೇಟೆಯವರಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಹೊಲದಲ್ಲಿ ತೊಗರಿ ಹೂ ಬಿಡುವ ಮೊದಲೇ ವಾಯದೆಯ ಮೇಲೆ ಅದನ್ನು ಮಾರುವ ಜನ, ಸಮಾರಂಭ ಆಗುವ ಮೊದಲೇ ಚಪ್ಪಾಳೆ ಅಚ್ಚಾದರೆ ಯಾಕೆ ಬೆದರುತ್ತಾರೆ? ಕೆಲವು ಸಲ ಮಾಲು ಬರುವುದೇ ಇಲ್ಲ. ವ್ಯಾಪಾರವೆಂದ ಮೇಲೆ ಅದೂ ಇರುವುದೇ.

ಗುರಣ್ಣ ಕುಡಿಯುತ್ತಿದ್ದ. ಇದನ್ನು ಮುಚ್ಚಿಡಲು ಅವನೇ ಒಪ್ಪುತ್ತಿರಲಿಲ್ಲ. ಕುಡಿದಾಗ ಬರೆಯಬಾರದೆಂಬ ಕಟ್ಟುನಿಟ್ಟಿನ ಶಿಸ್ತು ಅವನಿಗಿತ್ತು. ಬರೆಯುವಾಗ ಕುಡಿಯುವುದಕ್ಕೆ ಆ ಶಿಸ್ತು ಅಡ್ಡ ಬರುತ್ತಿರಲಿಲ್ಲ. ಸರಾಯಿ ಅಂಗಡಿಯ ಬೆಂಚಿನ ಮೇಲೆ ಕುಳಿತು ಮೊದಲ ವರದಿಯಲ್ಲಿ ಅಡಿಗಲ್ಲು ಹಾಕಿದ, ಎರಡನೆಯದರಲ್ಲಿ ಮಂದಿರ ಎಬ್ಬಿಸಿದ, ಮೂರನೆಯದರಲ್ಲಿ ತೆಂಗು ನೆಟ್ಟ. ಆ ದಿನ ಸರಾಯಿ ಪಾಕೀಟು ಸ್ವಲ್ಪ ಹೆಚ್ಚಾದ್ದರಿಂದ ತೆಂಗು ಅದೇ ವಾರ ಕಾಯಿ ಬಿಟ್ಟವು. ಪ್ರತಿ ವರದಿಯ ನಂತರ ಉಪಕಚೇರಿಯಿಂದ ಪತ್ರಿಕೆಗೆ ಒಂದು ಜಾಹೀರಾತು, ಗುರಣ್ಣನಿಗೆ ಒಂದು ಬಾಟಲಿ ಬರುತ್ತಿತ್ತು.

ಹೀಗೆ ಎಲ್ಲವೂ ಸುರಳೀತ ನಡೆದಿರುವಾಗ ಮಣ್ಣೂರಿನಿಂದ ದ್ರೌಪದಿ ಎಂಬ ಮುದುಕಿ ಪತ್ರಿಕಾ ಕಚೇರಿಗೆ, ಅಂದರೆ ಅಡತಿ ಅಂಗಡಿಯ ಹಿಂದಿನ ಕೋಣೆಗೆ ಬಂದಳು. ಅತ್ತೆಯ ಕಾಲದಿಂದ ಗಡ್ಡಿಯ ಮೇಲೆ ಸಜ್ಜೆ ಬಿತ್ತಿ, ಆಡು ಕಾಯ್ದು ಬದುಕಿದವಳು. ಪ್ರವಾಸಿ ಮಂದಿರದ ಪಡಸಾಲೆಯಲ್ಲಿ ಆಡು ಕಟ್ಟಿ, ಕೋಣೆಗಳಲ್ಲಿ ಸಜ್ಜೆ ಬೆಳೆದ ಅಪರಾಧಕ್ಕಾಗಿ ಕೂಡಲೇ ಜಾಗ ಖಾಲಿ ಮಾಡಬೇಕೆಂದು ಅವಳಿಗೆ ಉಪಕಚೇರಿಯಿಂದ ನೋಟೀಸು ಬಂದಿತ್ತು.

“ಪ್ಯಾಪರಿಗಿ ಬರಿಯಾವ ಯಾರ್ರಿ?”

“ನಾನ ಆಯಿ. ಏನಾಗಬೇಕಿತ್ತು?” ಎಂದ ಗುರಣ್ಣ.

“ಆ ಮನಿ ಕಟ್ಟಿದಾವ ನೀನ ಅಂತ. ಕೆಡವಲಾಕ ಬಾ.”

“ಅದು ಹಂಗ ಕೆಡವಲಾಕ ಬರಂಗಿಲ್ಲ ಆಯಿ. ಕಣ್ಣಿಲೆ ನೋಡಿ ಬರೀಬೇಕಾಗ್ತದ.”

“ಕಟ್ಟುವಾಗ ಯಾವ ಕಣ್ಣಿಲೆ ನೋಡಿದ್ದಿ?”

ಶಾಂತಲಿಂಗಪ್ಪನವರು ತಕ್ಕಡಿಯ ಕಡೆ ನೋಡಿದರು. ಈ ಪ್ರಶ್ನೆಗೆ ಉತ್ತರ ಕೊಡುವುದಕ್ಕಿಂತ ದ್ವೀಪಕ್ಕೆ ಹೋಗುವುದೇ ಹಗುರ ಎಂದು ಗುರಣ್ಣನಿಗೆ ಅನ್ನಿಸಿತು. ಚೀಲದಲ್ಲಿ ಕಾಗದ, ಪೆನ್ಸಿಲ್ಲು ಮತ್ತು ಆತ್ಮಸ್ಥೈರ್ಯಕ್ಕೆ ಬೇಕಾದಷ್ಟು ಪಾಕೀಟು ಹಾಕಿಕೊಂಡು ಮುದುಕಿಯ ಹಿಂದೆ ಹೊರಟ.

ರಸೂಲನೆಂಬ ಅಂಬಿಗ ಹರಿಗೋಲಿನಲ್ಲಿ ಇಬ್ಬರನ್ನೂ ಗಡ್ಡಿಗೆ ಮುಟ್ಟಿಸಿ, ನಾಳೆ ಬರುತ್ತೇನೆಂದು ಹೋದ. ಗುರಣ್ಣ ತನ್ನ ಕೃತಿಯನ್ನು ಮೊದಲ ಸಲ ಕಣ್ಣಾರೆ ಕಂಡ. ತೆಂಗಿನ ತೋಪಿನ ಜಾಗದಲ್ಲಿ ಜಾಲಿ ಕಂಟಿ, ಮಂದಿರದ ಜಾಗದಲ್ಲಿ ಎದೆಮಟ್ಟದ ಸಜ್ಜೆ, ಮೂಲೆಯಲ್ಲೊಂದು ಗುಡಿಸಲು. ಪಾಕೀಟು ಅವತ್ತೇ ಮುಗಿದವು. ಮಾರನೆಯ ದಿನ ಮಹಾರಾಷ್ಟ್ರದವರು ಮೇಲಿನ ಡ್ಯಾಮಿನಿಂದ ನೀರು ಬಿಟ್ಟದ್ದರಿಂದ ಹೊಳೆ ಏರಿತು. ದಂಡೆಯಲ್ಲಿ ನಿಂತು ರಸೂಲ ಕೂಗಿದ:

“ಸಾಹೇಬ್ರ, ನೀರ ಇಳಿಯೋ ತನಕಾ ಅಲ್ಲೇ ಇರ್ರಿ! ನಿಮ್ಮ ಮಂದಿರದಾಗ ಆರಾಮ ಮಕ್ಕೋರಿ!”

ಸರಾಯಿ ಇಲ್ಲದೆ ಗುರಣ್ಣನ ಕೈ ನಡುಗಿತು, ಮೈ ಬೆವರಿತು. ದ್ರೌಪದಿ ಆಡಿನ ಹಾಲು ಕಾಸಿ ಕುಡಿಸಿದಳು.

“ಯಾವಾಗಿಂದ ಕುಡೀತಿಯೋ ತಮ್ಮಾ?”

“ಭಾಳ ವರ್ಷ ಆತಬೇ ಆಯಿ. ಮದಲ ನನ್ನ ರೊಕ್ಕದಾಗ ಕುಡೀತಿದ್ದೆ. ಆವಾಗ ಕಮ್ಮಿ ಇತ್ತು.”

ನೀರು ಇಳಿಯುವ ಹೊತ್ತಿಗೆ ಗುರಣ್ಣನಿಗೆ ಪ್ರಾಮಾಣಿಕತೆ ಸಿಕ್ಕಿತ್ತು. ಅವನೇನೂ ಅದನ್ನು ಹುಡುಕಿರಲಿಲ್ಲ. ಕುಡಿಯಲು ಏನೂ ಇಲ್ಲದ, ಕುಡಿಸುವವರು ಯಾರೂ ಇಲ್ಲದ, ಓಡಿಹೋಗಲು ದಾರಿಯೂ ಇಲ್ಲದ ಕಡೆ ಮನುಷ್ಯನ ಹತ್ತಿರ ಅದೊಂದೇ ಮಾಲು ಉಳಿಯುತ್ತದೆ. ಗಿರಾಕಿ ಇಲ್ಲದ ಮಾಲು ಅಗ್ಗಕ್ಕೆ ಸಿಗುತ್ತದೆ. ಗುರಣ್ಣನಿಗೂ ಅಗ್ಗಕ್ಕೇ ಸಿಕ್ಕಿತು. ಅವನು ಕುಳಿತು ಬರೆದ: “ಮಣ್ಣೂರ ದ್ವೀಪದ ಮೇಲೆ ಪ್ರವಾಸಿ ಮಂದಿರವಿಲ್ಲ. ತೆಂಗಿಲ್ಲ. ಕಾಲುದಾರಿ ಇದೆ, ಅದು ಆಡಿನದು.” ಹಿಂದೆ ಇದ್ದವೆಂದು ಬರೆದವನು ತಾನೇ ಎಂಬ ವಾಕ್ಯವನ್ನೂ ಸೇರಿಸಲು ಹೋಗಿ ತಡೆದುಕೊಂಡ. ಪ್ರಾಮಾಣಿಕತೆ ಇನ್ನೂ ಎಳೆಯದು. ಒಮ್ಮೆಗೇ ಪೂರ್ತಿ ಹೊರೆ ಹೇರುವುದು ಸರಿಯಲ್ಲ ಎಂದುಕೊಂಡ.

ಆಳಂದಕ್ಕೆ ಬಂದು, ವರದಿ ಹಾಕದಿದ್ದರೆ ಕೆಲಸ ಬಿಡುವುದಾಗಿ ಹೇಳಲು ಮಾತು ಜೋಡಿಸಿಕೊಂಡು ನಿಂತ. ಶಾಂತಲಿಂಗಪ್ಪನವರು ಓದಿದರು, ಕನ್ನಡಕ ತೆಗೆದರು, “ಭಾಳ ಛಲೋ ಅದ. ಮದಲನೇ ಪುಟಕ್ಕ ಹಾಕು” ಎಂದರು. ಜೋಡಿಸಿದ ಮಾತೆಲ್ಲ ದಂಡವಾದದ್ದಕ್ಕೆ ಗುರಣ್ಣನಿಗೆ ಸ್ವಲ್ಪ ಬೇಸರವಾಯಿತು.

ಪತ್ರಿಕೆ ಹೊರಬಿದ್ದ ವಾರವೇ ಉಪಕಚೇರಿಯ ಯೋಜನಾಧಿಕಾರಿ ದಶರಥ ಸಾಹೇಬರು ಹೂವಿನ ಹಾರ ಹಿಡಿದು ಜೇವರ್ಗಿಯಿಂದ ಅಂಗಡಿಗೆ ಬಂದರು.

“ಗುರಣ್ಣನವರ, ಹೊಳಿ ಬಂದು ಮಂದಿರ ಹೊತಗೊಂಡು ಹೋದದ್ದನ್ನ ಜೀವದ ಹಂಗ ತೊರದು ವರದಿ ಮಾಡೀರಿ. ಪುನರ್ನಿರ್ಮಾಣಕ್ಕ ಮದಲಿಗಿಂತ ಜಾಸ್ತಿ ಮಂಜೂರಾಗ್ಲಾಕತ್ತದ.”

“ಹೊಳಿ ಒಯ್ದಿಲ್ರಿ ಸಾಹೇಬ್ರ! ಅಲ್ಲಿ ಮದಲ ಏನೂ ಇದ್ದಿಲ್ಲ!”

“ಅದ ಅಂತ ನೀವ ಮೂರ ಸಲ ಬರ್ದೀರಿ. ಇಲ್ಲ ಅಂತ ಒಂದ ಸಲ. ನಮ್ಮ ಕಚೇರಿ ನಿಮ್ಮ ಮ್ಯಾಲ ಎಷ್ಟ ಭರೋಸಾ ಇಟ್ಟದ ಅಂದ್ರ, ನಾಕೂ ನಂಬ್ಯಾದ.”

“ಮದಲಿನ ಮೂರೂ ಕುಡದು ಬರ್ದದ್ದರಿ!”

“ಇರ್ಲಿ ಬಿಡ್ರಿ. ಮಂಜೂರ ಮಾಡುವಾಗ ನಾವೇನ್ ಶುದ್ಧಿ ಮ್ಯಾಲ ಇದ್ದಿವೇನು?”

ಮಂದಿರವನ್ನು ಮೂಲ ಸ್ಥಳದಲ್ಲೇ ಕಟ್ಟತಕ್ಕದ್ದೆಂದೂ, ಆ ಸ್ಥಳವನ್ನು ಏಕೈಕ ಪ್ರತ್ಯಕ್ಷದರ್ಶಿಯಾದ ಗುರಣ್ಣನೇ ರಾಜಧಾನಿಯಿಂದ ಬರುವ ಸಮಿತಿಗೆ ತೋರಿಸತಕ್ಕದ್ದೆಂದೂ ಆದೇಶವಾಯಿತು. ಸಾಹೇಬರು ಹೋದ ಮೇಲೆ ಗುರಣ್ಣ, ಸಮಿತಿಯ ಮುಂದಾದರೂ ಖರೇ ಹೇಳಿಯೇ ಬಿಡುತ್ತೇನೆಂದ. ಶಾಂತಲಿಂಗಪ್ಪನವರು ಕೈಯಲ್ಲಿದ್ದ ತೊಗರಿಯ ಕಾಳು ಉರುಳಿಸುತ್ತ ಹೇಳಿದರು:

“ಲೇ ಗುರಣ್ಣ, ಲೆಕ್ಕ ತಿಳ್ಕೊ. ಮಂದಿರ ಇದ್ದಿಲ್ಲ ಅಂದಿ ಅಂದ್ರ, ಆ ಗಡ್ಡಿ ಸರ್ಕಾರದ ಖಾಲಿ ಜಮೀನು ಆಗ್ತದ. ಮುದುಕಿ ಹಂತ್ಯಾಕ ಕಾಗದ ಇಲ್ಲ, ಪತ್ರ ಇಲ್ಲ. ಪೊಲೀಸರು ಅವತ್ತೇ ಎತ್ತಿ ಹಾಕ್ತಾರ. ಇತ್ತು ಅಂದಿ ಅಂದ್ರ, ಅಕಿ ಹೊಲದ ಮ್ಯಾಲ ಕಟ್ತಾರ. ಎರಡೂ ಕಡೆ ಅಕಿಗೇ ಲುಕ್ಸಾನ.”

ಗುರಣ್ಣನಿಗೆ ಕುಡಿಯಬೇಕೆನ್ನಿಸಿತು. ಆದರೆ ಸಮಿತಿ ಬರುವ ದಿನ ದಶರಥ ಸಾಹೇಬರು ಬೆಳಿಗ್ಗೆಯೇ ಕಳಿಸಿದ ಬಾಟಲಿಯನ್ನು ಅವನು ತಿರುಗಿ ಕಳಿಸಿದ. ಇಂಥದು ಉಪಕಚೇರಿಯ ಇತಿಹಾಸದಲ್ಲಿ ನಡೆದಿರಲಿಲ್ಲ. ತಿರುಗಿ ಬಂದ ಬಾಟಲಿಯನ್ನು ಸ್ವೀಕರಿಸುವ ಅಧಿಕಾರ ಯಾರಿಗಿದೆಯೆಂದು ಗೊತ್ತಾಗದೆ ಅದನ್ನು ಜೀಪಿನಲ್ಲೇ ಇಟ್ಟರು.

ಸಮಿತಿಯವರು ಹರಿಗೋಲಿನಿಂದ ಒಬ್ಬೊಬ್ಬರಾಗಿ ಪ್ಯಾಂಟು ಮಡಚಿಕೊಂಡು ಗಡ್ಡಿಗೆ ಇಳಿದರು. ಸಜ್ಜೆ ತೆನೆ ಹಿಡಿದಿತ್ತು. ದ್ರೌಪದಿ ಹೊಲದ ಅಂಚಿನಲ್ಲಿ ಸೆರಗು ಹೊದ್ದು ನಿಂತು ಗುರಣ್ಣನ ಮುಖವನ್ನಷ್ಟೇ ನೋಡಿದಳು.

“ಮಂದಿರ ಎಲ್ಲಿತ್ತು? ಸರಿಯಾಗಿ ತೋರಿಸಿ” ಎಂದರು ಅಧ್ಯಕ್ಷರು.

ಗುರಣ್ಣ ಸಜ್ಜೆಯನ್ನು ದಾಟಿ ನಡೆದ. ಜಾಲಿಯನ್ನು ದಾಟಿದ. ಗಡ್ಡಿ ಮುಗಿದಲ್ಲಿ ನಿಂತು, ಸ್ವಲ್ಪವೂ ನಡುಗದ ಕೈಯನ್ನು ನಡುಹೊಳೆಯ ಸುಳಿಯ ಕಡೆ ಚಾಚಿದ.

“ಅಲ್ಲಿತ್ರಿ.”

“ಅಲ್ಲಿ ನೀರಿದೆಯಲ್ಲ?”

“ಹೌದ್ರಿ. ಅದಕ್ಕ ಹೋತು.”

ಈ ಉತ್ತರದಲ್ಲಿ ಸಮಿತಿಗೆ ಯಾವ ದೋಷವೂ ಕಾಣಲಿಲ್ಲ. ಅಧ್ಯಕ್ಷರು ದ್ರೌಪದಿಯನ್ನೂ ಕೇಳಿದರು: “ಏನಮ್ಮಾ, ಅದರೊಳಗೆ ನಿನ್ನ ಆಡು ಕಟ್ಟುತ್ತಿದ್ದೆಯಂತೆ?”

“ನಮ್ಮ ಆಡಿಗಿ ಈಸ ಬರಂಗಿಲ್ರಿ ಸಾಹೇಬ್ರ. ಅಲ್ಲೀತನಾ ಹೆಂಗ ಹೋಗ್ತಾವ?”

ನೀರೊಳಗಿನ ಬುನಾದಿಗೆ ದರ ಇಮ್ಮಡಿಯೆಂಬುದು ನೆನಪಾಗಿ ದಶರಥ ಸಾಹೇಬರ ಮುಖ ಅರಳಿತು. ಸದರಿ ಮಹಿಳೆಯು ಮಂದಿರವನ್ನು ಅತಿಕ್ರಮಿಸಿರುವುದು ಭೌಗೋಳಿಕವಾಗಿ ಅಸಾಧ್ಯವೆಂದು ತೀರ್ಮಾನಿಸಿ ನೋಟೀಸನ್ನು ರದ್ದುಪಡಿಸಲಾಯಿತು. ಮಂದಿರದ ನೆರೆಹೊರೆಯ ಖಾಯಂ ನಿವಾಸಿಯೆಂದು ಅವಳಿಗೆ ಮೊಹರು ಹಾಕಿದ ಕಾಗದವನ್ನೂ ಕೊಡಲಾಯಿತು. ಗುರಣ್ಣ ತನ್ನ ಜೀವಮಾನದಲ್ಲಿ ಅಷ್ಟು ಶುದ್ಧಿಯಲ್ಲಿದ್ದು ಹೇಳಿದ ಮೊದಲ ಸುಳ್ಳು ಅದು.

ಮರುವರ್ಷ ನಡುಹೊಳೆಯಲ್ಲಿ ಮಂದಿರ ಪೂರ್ಣಗೊಂಡಿತು. ಅದರ ವರದಿಯನ್ನು ಗುರಣ್ಣ ಚಹಾ ಕುಡಿದು ಬರೆದ. ಶಾಂತಲಿಂಗಪ್ಪನವರಿಗೆ ಭಾಷೆ ಸ್ವಲ್ಪ ಸಪ್ಪೆ ಅನ್ನಿಸಿತು, ಉಪಕಚೇರಿಗೆ ಅನ್ನಿಸಲಿಲ್ಲ. ಗಡ್ಡಿಯ ಮೇಲೆ ಸಜ್ಜೆ ಚೆನ್ನಾಗಿ ಬಂದಿದೆ. ಮಂದಿರದ ಗೋಡೆಗಳಿಗೆ ತೇವ ಏರಿದೆಯೆಂದು ತಿಳಿದುಬಂದದ್ದರಿಂದ ದುರಸ್ತಿಗೆ ಹಣ ಮಂಜೂರಾಗಿದೆ.