ಕುಬಸದ ಸೀರೆಗೆ ಡೆಲಿವರಿ ಚಾರ್ಜು

ನಮ್ಮ ಮನೆಗೆ ಪಾರ್ಸಲ್ ಬಂದರೆ ಅದರ ಬೆನ್ನಿಗೇ ಒಂದು ಜಗಳವೂ ಬರುತ್ತದೆ. ಜಗಳಕ್ಕೆ ಮಾತ್ರ ಇದುವರೆಗೂ ಯಾರೂ ಡೆಲಿವರಿ ಚಾರ್ಜು ಹಾಕಿಲ್ಲ, ಅದೊಂದು ಪುಣ್ಯ.

ಈ ಸಲದ ಜಗಳಗಳೆಲ್ಲ ನನ್ನ ನಾದಿನಿಯ ಕುಬಸದವು. ಅವಳು ಮಿಯಾಪುರದಲ್ಲಿ ಗಂಡನ ಮನೆಯಲ್ಲಿದ್ದಾಳೆ, ಚೊಚ್ಚಲ ಬಸುರಿ. ತವರಿನವರು ಹೋಗಿ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ ಬರಬೇಕು. ತವರು ಅಂದರೆ ನಾವು. ಅದೇ ತೆಲುಗು ಊರಿನ ಇನ್ನೊಂದು ತುದಿಗೆ, ನಾಂಪಲ್ಲಿ ಸ್ಟೇಷನ್ನಿನ ಹಿಂದೆ ಮೂರನೇ ಮಹಡಿಯಲ್ಲಿ ನಾನು, ನಮ್ಮತ್ತೆ, ಸರ್ಕಾರಿ ಆಫೀಸಿಗೆ ಹೋಗಿಬರುವ ನನ್ನ ಗಂಡ, ಮತ್ತು ಹೋಂವರ್ಕ್ ಬಿಟ್ಟು ನಮ್ಮ ಮಾತನ್ನೆಲ್ಲ ಬಾಯಿಪಾಠ ಮಾಡುವ ನನ್ನ ಮಗಳು. ಅತ್ತೆಗೆ ಮಂಡಿನೋವು. "ಪೇಟಿ ಸುತ್ತೋದು ಬ್ಯಾಡ್ರಿ ಅತ್ತಿ, ಎಲ್ಲಾ ಫೋನಿನ್ಯಾಗ ತರಸ್ತೀನಿ" ಎಂದು ನಾನೇ ಬಾಯಿ ಹಾಕಿದೆ.

"ತರಸು" ಎಂದರು ಅತ್ತೆ. "ಆದ್ರ ಬೀಗರ ಮುಂದ ನನ್ನ ಮಾನ ಹೋತಂದ್ರ ಅದನ್ನ ವಾಪಸ್ ತರಸಾಕ ನಿನ್ನ ಫೋನಿನ್ಯಾಗ ಬಟನ್ ಇಲ್ಲ, ನೆಪ್ಪಿಟ್ಕೊ."

ಮಳೆ ಚಾರ್ಜು

ಮೊದಲು ಉಡಿಗೆ ಬೇಕಾದ ಒಣಕೊಬ್ಬರಿ, ಉತ್ತತ್ತಿ, ಅರಿಶಿನ ಕೊಂಬು. ಹತ್ತು ನಿಮಿಷದಲ್ಲಿ ತಂದುಕೊಡುತ್ತೇವೆ ಎನ್ನುವ ಒಂದು ಆ್ಯಪಿನಲ್ಲಿ ಹಾಕಿದೆ. ಬಿಲ್ಲು ನೋಡಿ ಕಣ್ಣು ಉಜ್ಜಿಕೊಂಡೆ. ತರುವುದಕ್ಕೆ ಒಂದು ಚಾರ್ಜು, ಚೀಲಕ್ಕೆ ಒಂದು, ಕೈಯಲ್ಲಿ ಮುಟ್ಟಿದ್ದಕ್ಕೆ ಒಂದು, ಕಡಿಮೆ ಸಾಮಾನು ತರಿಸಿದ ತಪ್ಪಿಗೆ ಒಂದು. ಎಲ್ಲದರ ಕೆಳಗೆ, ಮಳೆ ಚಾರ್ಜು!

ಹೊರಗೆ ನೋಡಿದೆ. ಬಾಲ್ಕನಿಯ ಚಾಪೆ ಮೇಲೆ ಒಣಹಾಕಿದ್ದ ಸಂಡಿಗೆ ಬಿಸಿಲಿಗೆ ತಾನೇ ಹುರಿದುಕೊಳ್ಳುವಂತಿತ್ತು. ತಕ್ಷಣ ಕಂಪನಿಗೆ ಫೋನು ಮಾಡಿದೆ. ಆ ಕಡೆಯವನು ಹಿಂದಿಯಲ್ಲಿ ಬಹಳ ಮರ್ಯಾದೆಯಿಂದ, "ಮೇಡಂ, ನಮ್ಮ ಸಿಸ್ಟಮಿನಲ್ಲಿ ನಿಮ್ಮ ಏರಿಯಾಕ್ಕೆ ಮಳೆ ತೋರಿಸುತ್ತಿದೆ" ಎಂದ.

"ನಮ್ಮ ಏರಿಯಾದಲ್ಲಿ ನಾನು ನಿಂತಿದ್ದೇನೆ, ನನಗೆ ತೋರಿಸುತ್ತಿಲ್ಲವಲ್ಲ?"

"ಸಿಸ್ಟಮ್ ತಪ್ಪು ಹೇಳುವುದಿಲ್ಲ ಮೇಡಂ."

"ಹಾಗಾದರೆ ಸಿಸ್ಟಮಿನ ಮೇಲೆ ಒಂದು ಕೊಡೆ ಹಿಡಿಯಿರಿ. ಅದರ ದುಡ್ಡು ನನ್ನ ಬಿಲ್ಲಿನಲ್ಲಿ ಯಾಕೆ?"

ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಡೆಲಿವರಿಯಾತ ನೆತ್ತಿಯಿಂದ ಅಂಗಿಯ ತುದಿಯವರೆಗೆ ತೊಯ್ದು ನಿಂತಿದ್ದಾನೆ! ಫೋನಿನವನ ಮಾತೇ ನಿಜವಾಯಿತಲ್ಲ ಎಂದು ನಾಲಿಗೆ ಒಳಗೆಳೆದುಕೊಳ್ಳುವಷ್ಟರಲ್ಲಿ ಆತ ಗೋಡೆ ಹಿಡಿದುಕೊಂಡು, "ಲಿಫ್ಟ್ ಪನಿ ಚೇಯಟ್ಲೇದಮ್ಮಾ" ಎಂದ. ಲಿಫ್ಟು ಕೆಟ್ಟು ಮೂರು ಮಹಡಿ ಹತ್ತಿದ ಬೆವರು ಅದು.

ಅತ್ತೆ ಅವನಿಗೆ ನೀರು ಕೊಟ್ಟು, "ಮಳಿಯೆಲ್ಲಾ ಇವನ ಮ್ಯಾಲೇ ಬಿದ್ದೈತಿ. ಆ ಚಾರ್ಜಾದ್ರೂ ಇವಗ ಸಿಗತೈತೇನು ಕೇಳು" ಎಂದರು. ಕೇಳಿದೆ. ಆತ ಚೊಂಬು ಖಾಲಿ ಮಾಡಿ ನಕ್ಕ. "ಆ ಮಳೆಯಲ್ಲಿ ನಮಗೆ ಒಂದು ಹನಿಯೂ ಬೀಳುವುದಿಲ್ಲಮ್ಮಾ."

ಹೇಳಬಾರದ ಮಾತು

ಮುಂದಿನದು ಹಸಿರು ಗಾಜಿನ ಬಳೆ. ಡಬ್ಬಿ ಎತ್ತಿದಾಗಲೇ ಒಳಗೆ ಗಿಲಕಿ ಆಡಿಸಿದಂತೆ ಸದ್ದು ಬಂತು. ಬಿಚ್ಚಿದರೆ ಒಂದೂ ನೆಟ್ಟಗಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅತ್ತೆಯ ಬೆರಳು ನನ್ನ ಮುಖದ ಮುಂದೆ ಬಂತು. "ಆ ಮಾತು ಆಡಬ್ಯಾಡ! ಬಸುರಿ ಹೆಣ್ಣುಮಗಳ ಬಳಿ ಅವು. ಕುಬಸದ ಮನ್ಯಾಗ ಆ ಶಬ್ದ ಬರಬಾರದು."

ನಮ್ಮಲ್ಲಿ ಬಳೆ ಒಡೆಯಿತು ಅನ್ನುವಂತಿಲ್ಲ. ಸಾದಾ ದಿನಗಳಲ್ಲೇ ಅನ್ನುವಂತಿಲ್ಲ, ಕುಬಸದ ಹೊತ್ತಿಗೆ ಕೇಳುವುದೇ ಬೇಡ. ಆದರೆ ಕಂಪನಿಗೆ ಕಾರಣ ಹೇಳದಿದ್ದರೆ ವಾಪಸು ಕಳಿಸುವ ಖರ್ಚು ನಮ್ಮ ತಲೆಗೆ. ಅತ್ತೆ ನನ್ನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕುಳಿತರು. ಅವರಿಗೆ ಕನ್ನಡ, ತೆಲುಗು, ಹಿಂದಿ ಮೂರೂ ಬರುತ್ತವೆ. ನನಗೆ ಓಡಿಹೋಗಲು ಬೇರೆ ಭಾಷೆಯೇ ಇರಲಿಲ್ಲ.

ಫೋನಿನಲ್ಲಿ ಒಬ್ಬಳು ತೆಲುಗು ಹುಡುಗಿ. "ಏನು ಪ್ರಾಬ್ಲಂ ಮೇಡಂ? ಸೈಜ್ ಚಿಕ್ಕದಾ?"

"ಸೈಜ್ ಸರಿ ಇತ್ತು."

"ಕಲರ್ ಬೇರೆನಾ?"

"ಕಲರೂ ಸರಿ. ಆದರೆ ಇವು ಮೊದಲು ಗುಂಡಗಿದ್ದವು."

"ಈಗ?"

ನಾನು ಅತ್ತೆಯ ಮುಖ ನೋಡಿದೆ. "ಈಗ ಒಂದೊಂದು ಒಂದೊಂದು ಆಕಾರದಲ್ಲಿವೆ."

ಆ ಕಡೆ ಕೀಬೋರ್ಡ್ ಕುಟ್ಟುವ ಸದ್ದು. ಆಮೇಲೆ, "ಅಂದರೆ ಡಿಸೈನ್ ಇಷ್ಟವಾಗಲಿಲ್ಲ. ಹಾಗಿದ್ದರೆ ವಾಪಸ್ ಕಳಿಸುವ ಚಾರ್ಜು ನಿಮ್ಮದೇ ಮೇಡಂ."

ಆಫೀಸಿನಿಂದ ಆಗಷ್ಟೇ ಬಂದ ನನ್ನ ಗಂಡ ಡಬ್ಬಿಯೊಳಗೆ ಇಣುಕಿ, "ಅಯ್ಯ, ಇವೆಲ್ಲಾ ಒಡ" ಎಂದರು. ಅಷ್ಟಕ್ಕೇ ಅತ್ತೆ ಅವರ ಬಾಯಿಗೆ ಅಂಗೈ ಒತ್ತಿದರು. ಸರ್ಕಾರಿ ನೌಕರರು ಕಣ್ಣು ಕಣ್ಣು ಬಿಡುತ್ತ ಹಾಗೇ ನಿಂತರು.

ಕೊನೆಗೆ ಹುಡುಗಿಗೇ ಬೇಜಾರಾಗಿ ಫೋಟೋ ಕಳಿಸಿ ಎಂದಳು. ಕಳಿಸಿದೆ. ನೋಡಿದ್ದೇ ತಡ ಅವಳು ಸ್ಪೀಕರಿನಲ್ಲಿ ಕೂಗಿದಳು, "ಅಯ್ಯಯ್ಯೋ, ಅನ್ನೀ ಪಗಿಲಿಪೋಯಾಯಿ ಮೇಡಂ!" ಎಲ್ಲಾ ಒಡೆದುಹೋಗಿವೆ, ಎಂದು ನಮ್ಮ ದೇವರ ಮನೆಯವರೆಗೂ ಕೇಳಿಸುವಂತೆ.

ಅತ್ತೆ ಫೋನು ಕಸಿದುಕೊಂಡರು. ಶುಭಕಾರ್ಯದ ಮನೆಯಲ್ಲಿ ಆಡುವ ಮಾತಾ ಇದು, ನಿನ್ನ ತಾಯಿ ಕಲಿಸಿದ್ದು ಇದೇನಾ ಎಂದು ತೆಲುಗಿನಲ್ಲಿ ಶುರು ಮಾಡಿದವರು ಕನ್ನಡದಲ್ಲಿ ಮುಗಿಸಿದರು. ಹುಡುಗಿ ಒಂದೇ ಉಸಿರಿಗೆ ಪೂರ್ತಿ ಹಣ ವಾಪಸ್ಸು, ಕಳಿಸುವ ಖರ್ಚೂ ಬೇಡ, ಅವನ್ನು ನೀವೇ ಇಟ್ಟುಕೊಳ್ಳಿ ಎಂದಳು. ಫೋನಿಡುವ ಮುಂಚೆ ಮೆಲ್ಲಗೆ, "ಸೊಸೆ ಮೇಡಂ ಮೊದಲೇ ಹೇಳಬಹುದಿತ್ತಲ್ಲಾ?" ಎಂದಳು.

"ಪಾಪ, ಆಕಿನ್ನ ಬೈಬ್ಯಾಡ" ಎಂದರು ಅತ್ತೆ. "ಆಕಿ ಸಂಸ್ಕಾರದಾಕಿ."

ಮನಸ್ಸು ಬದಲಿಸಿದ್ದು ಯಾರು?

ಇನ್ನು ಸೀರೆ. ಫೋನಿನಲ್ಲಿ ಫೋಟೋ ಹಾಕಿ ಸೀರೆ ಮಾರುವ ಹಿಂದಿಯವನೊಬ್ಬನ ಹತ್ತಿರ ಗಿಣಿ ಹಸಿರು, ಕೆಂಪು ಅಂಚು ನೋಡಿ ತರಿಸಿದೆ. ಬಂದದ್ದು ಕಪ್ಪು. ಬಸುರಿಗೆ, ಕುಬಸಕ್ಕೆ, ಕಾಡಿಗೆಯಂಥ ಕಪ್ಪು ಸೀರೆ! ಅತ್ತೆ ನೋಡಿದವರೇ ಗೋಡೆಗೆ ಒರಗಿ ಕುಳಿತುಬಿಟ್ಟರು. ಮಗಳು ಬೀಸಣಿಗೆ ತಂದಳು.

ಸೀರೆಯವನಿಗೆ ಬರೆದೆ. ಉತ್ತರ ಬಂತು: "ಮೇಡಂ, ಅದು ಕಪ್ಪಲ್ಲ, ಗಾಢ ಹಸಿರು. ಬಿಸಿಲಿಗೆ ಹಿಡಿದು ನೋಡಿ."

ತಾರಸಿಗೆ ಒಯ್ದು ಹಿಡಿದೆ. ಬಿಸಿಲಿಗೆ ಅದು ಇನ್ನಷ್ಟು ಕಪ್ಪಾಯಿತು. ಬಟ್ಟೆ ಒಣಹಾಕಲು ಬಂದಿದ್ದ ಮಾರವಾಡಿ ಹೆಂಗಸು "ಕಾಲಾ" ಎಂದಳು. ನೀರಿನ ಟ್ಯಾಂಕಿ ನೋಡಲು ಬಂದಿದ್ದ ವಾಚ್‌ಮನ್ "ನಲುಪು" ಎಂದ. ಮೇಲಿನ ಮನೆಯ ಉಡುಪಿ ಕಡೆಯ ಹುಡುಗಿ, ಕಂಪ್ಯೂಟರ್ ಕಂಪನಿಯವಳು, "ಕಪ್ಪೇ ಅಕ್ಕ, ಇದರಲ್ಲಿ ಡೌಟೇ ಇಲ್ಲ" ಎಂದಳು. ಮೂರು ಭಾಷೆಯಲ್ಲಿ ಕಪ್ಪಾದ ಮೇಲೆ ಮತ್ತೆ ಬರೆದೆ.

ಅವನು, "ಆಗಲಿ, ವಾಪಸ್ ಕಳಿಸಿ. ಆದರೆ ಹೋಗಿಬರುವ ಖರ್ಚು ನಿಮ್ಮದು. ಗಿರಾಕಿ ಮನಸ್ಸು ಬದಲಿಸಿದರೆ ನಮ್ಮಲ್ಲಿ ರೂಲು ಹಾಗೇ ಇದೆ" ಎಂದ.

ಬಣ್ಣ ಬದಲಿಸಿದವನು ಅವನು, ಮನಸ್ಸು ಬದಲಿಸಿದವಳು ನಾನಂತೆ! ಉಡುಪಿ ಹುಡುಗಿ, "ಅಕ್ಕ, ಬೇರೆ ವಸ್ತು ಕಳಿಸಿದ್ರೆ ವಾಪಸ್ ಖರ್ಚು ಅವರೇ ಹಾಕ್ಬೇಕು. ಕೊಡಲ್ಲ ಅಂದ್ರೆ ಗ್ರಾಹಕರ ಸಹಾಯವಾಣಿಗೆ ದೂರು ಕೊಡ್ತೇನೆ ಅಂತ ಬರೀರಿ" ಎಂದಳು. ನಾನು ಓದಿದ್ದು ಹತ್ತನೇ ಕ್ಲಾಸಿನವರೆಗೆ. ಆದರೆ ಬೈಗುಳವನ್ನು ಮರ್ಯಾದೆಯ ಮಾತಿನಲ್ಲಿ ಬರೆಯುವುದು ಯಾವ ಕ್ಲಾಸಿನಲ್ಲೂ ಹೇಳಿಕೊಡುವುದಿಲ್ಲ, ಅದು ನನಗೆ ತಾನಾಗಿ ಬಂದಿದೆ. ಗ್ರಾಹಕರ ಹಕ್ಕು, ದೂರು, ಕೋರ್ಟು ಎಲ್ಲ ಸೇರಿಸಿ ಕಳಿಸಿದೆ.

ಅವನ ದನಿಯೇ ಬದಲಾಯಿತು. ಕಪ್ಪು ಸೀರೆ ತನ್ನ ಖರ್ಚಿನಲ್ಲೇ ವಾಪಸು, ಹಸಿರು ಸೀರೆ ಪುಕ್ಕಟೆ ಕಳಿಸುವೆ ಎಂದು ಒಪ್ಪಿಕೊಂಡು, ಕೊನೆಗೆ ಕೇಳಿದ: "ಮೇಡಂ, ನೀವು ವಕೀಲರಾ?"

ಅತ್ತೆಗೆ ಓದಿ ಹೇಳಿದೆ. "ವಕೀಲರಲ್ಲ, ನನ್ನ ಸೊಸಿ ಅಂತ ಬರಿ" ಎಂದರು. "ಇನ್ನೂ ಹೆದರತಾನ."

ಕಟ್ ಇಲ್ಲದ ವಿಡಿಯೋ

ಹಸಿರು ಸೀರೆ ಕಳಿಸುವಾಗ ಅವನು ಒಂದು ಷರತ್ತು ಹಾಕಿದ. ಪಾರ್ಸಲ್ ಬಿಚ್ಚುವುದನ್ನು ಮೊದಲಿಂದ ಕೊನೆವರೆಗೆ ವಿಡಿಯೋ ಮಾಡಿ ಕಳಿಸಬೇಕು. ನಡುವೆ ಎಲ್ಲೂ ನಿಲ್ಲಿಸಬಾರದು, ಕಟ್ ಮಾಡಬಾರದು. ಇಲ್ಲದಿದ್ದರೆ ಸಾಗಾಣಿಕೆ ಖರ್ಚೆಲ್ಲ ನಮ್ಮ ಮೇಲೆ.

ಕುಬಸದ ಹಿಂದಿನ ದಿನ ಪಾರ್ಸಲ್ ಬಂತು. ನಾನು ಫೋನು ಹಿಡಿದು ನಿಂತೆ. ಕತ್ತರಿ ತರಲು ಹೋದ ಅತ್ತೆ ಆರತಿ ತಟ್ಟೆ ತಂದರು. ಉಡಿಸುವ ಸೀರೆಗೆ ಅರಿಶಿನ ಕುಂಕುಮ ಹಚ್ಚದೆ ಬಿಚ್ಚುವುದುಂಟೆ? ಪಾರ್ಸಲಿನ ಮೂಲೆಗೆ ಕುಂಕುಮವಿಟ್ಟು, ಮೇಲೆ ಅಕ್ಷತೆ ಹಾಕಿ, ಆರತಿ ಎತ್ತಲು ಶುರು ಮಾಡಿದರು. ಅಲ್ಲಿಯವರೆಗೆ ಚೆನ್ನಾಗಿತ್ತು. ನಾನು ತೆಗೆಯುತ್ತಿರುವುದು ಫೋಟೋ ಎಂದುಕೊಂಡಿದ್ದ ಅತ್ತೆ, ಆರತಿ ಎತ್ತುತ್ತಲೇ ಮಾತಿಗೂ ಶುರು ಮಾಡಿದರು.

"ಇದು ಪುಕ್ಕಟೆ ಬದಲಿಗೆ ಬಂದದ್ದಂತ ಬೀಗಿತ್ತಿ ಮುಂದ ಉಸಿರು ಬಿಡಬ್ಯಾಡ. ಅಬಿಡ್ಸಿನ ದೊಡ್ಡ ಅಂಗಡ್ಯಾಗ ತಂದೀವಿ ಅನ್ನು. ಆಕಿ ಭಾಳ ಕಿಲಾಡಿ, ಸೆರಗು ತಿರುವಿ ತಿರುವಿ ನೋಡತಾಳ. ತಾನು ಮದುವ್ಯಾಗ ಕೊಟ್ಟ ಸೀರಿ ಒಂದು ಸಲ ಒಗದ್ರ ನೆಲಾ ಒರಸಾಕೂ ಬರಲಿಲ್ಲ!"

ನಾನು ಬೇಡ ಬೇಡ ಎಂದು ತಲೆ ಅಲ್ಲಾಡಿಸಿದೆ. ಬಾಯಿ ಬಿಡುವಂತಿಲ್ಲ, ನಿಲ್ಲಿಸುವಂತಿಲ್ಲ. ಅತ್ತೆಯ ಬೆನ್ನ ಹಿಂದಿನಿಂದ ಮಗಳು ಸೇರಿಸಿದಳು, "ಅಜ್ಜಿ, ಆ ಅಜ್ಜಿ ಗೊರಕಿ ಹೊಡದ್ರ ಮಿಕ್ಸರ್ ಹಚ್ಚಿದಂಗ ಆಗತೈತಂತ. ಮಿಯಾಪುರದ ಅತ್ತಿ ಹೇಳ್ಯಾಳ." ಅದೇ ಹೊತ್ತಿಗೆ ಬಚ್ಚಲಿನಿಂದ ಟವೆಲು ಸುತ್ತಿಕೊಂಡು ಬಂದ ನನ್ನ ಗಂಡ ಫೋನಿನ ಮುಂದೆಯೇ ನಿಂತು, "ಆರತಿ ಯಾಕ?" ಎಂದರು.

ಸೀರೆ ಮಾತ್ರ ಬಂಗಾರದಂಥ ಸೀರೆ. ಅಪ್ಪಟ ಗಿಣಿ ಹಸಿರು. ಅವನಿಗೆ ಕನ್ನಡ ಬರುವುದಿಲ್ಲವಲ್ಲ ಎಂದು ಧೈರ್ಯ ಮಾಡಿ ವಿಡಿಯೋ ಕಳಿಸಿದೆ. ಅವನು ಕೈಮುಗಿದ ಚಿತ್ರ ಹಾಕಿ, "ಮಾತಾಜಿಗೆ ನನ್ನ ಪ್ರಣಾಮ" ಎಂದು ಬರೆದ. ಜಗಳ ಮುಗಿಯಿತು ಎಂದುಕೊಂಡೆ.

ಮರುದಿನ ಮಿಯಾಪುರದಲ್ಲಿ ನಾದಿನಿಗೆ ಸೀರೆ ಉಡಿಸಿ, ಲಾಡ್ ಬಜಾರಿನಿಂದ ತಂದ ಬಳೆ ತೊಡಿಸಿ, ಉಡಿ ತುಂಬಿದೆವು. ಅವಳ ಮುಖ ನೋಡಿ ಅತ್ತೆಗೆ ಕಣ್ಣು ತುಂಬಿತು. ಬೀಗಿತ್ತಿ ಬಂದು ಪಕ್ಕದಲ್ಲಿ ಕುಳಿತರು. ಸೆರಗು ಎತ್ತಿ, ತಿರುವಿ, ಮತ್ತೆ ತಿರುವಿ ನೋಡಿದರು.

"ಅಬಿಡ್ಸಿಂದುರಿ" ಎಂದರು ಅತ್ತೆ. "ದೊಡ್ಡ ಅಂಗಡಿ."

"ಹೌದ್ರಿ? ವಿಡಿಯೋದಾಗ ಇಷ್ಟು ಹಸರು ಕಾಣಲಿಲ್ಲ."

"ಯಾ ವಿಡಿಯೋರಿ?"

ಬೀಗಿತ್ತಿ ಸೊಂಟದ ಚೀಲದಿಂದ ಫೋನು ತೆಗೆದರು. ಸೀರೆಯವನು ನಮ್ಮ ವಿಡಿಯೋವನ್ನು ಜಾಹೀರಾತು ಮಾಡಿ ಊರಿಗೆಲ್ಲ ಬಿಟ್ಟಿದ್ದ! ಒಂದು ಮಾತೂ ತಿಳಿಯದ ಆ ಪುಣ್ಯಾತ್ಮ, ಆರತಿ ಎತ್ತುತ್ತ ಅಷ್ಟು ಆವೇಶದಿಂದ ಮಾತಾಡುವ ಅತ್ತೆ ತನ್ನ ಸೀರೆಯನ್ನು ಹರಸುತ್ತಿದ್ದಾರೆ ಎಂದುಕೊಂಡಿದ್ದ. ಮೇಲೆ ದೊಡ್ಡ ಅಕ್ಷರದಲ್ಲಿ 'ತಾಯಿಯ ಆಶೀರ್ವಾದ' ಎಂದು ಹಿಂದಿಯಲ್ಲಿ ಹಾಕಿದ್ದ. ಬೀಗಿತ್ತಿ ದನಿ ಪೂರ್ತಿ ಏರಿಸಿದರು. ನೆಲ ಒರೆಸುವ ಸೀರೆ ಬಂತು. ಮಿಕ್ಸರ್ ಬಂತು. ಟವೆಲಿನಲ್ಲಿ ತಮ್ಮನ್ನು ಕಂಡ ನನ್ನ ಗಂಡ ಚಪ್ಪಲಿ ಹುಡುಕತೊಡಗಿದರು. ನಾದಿನಿ ಹೊಸ ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ಅತ್ತೆ ನನ್ನ ಮೊಣಕೈ ಹಿಡಿದರು, ಆ ಹಿಡಿತದ ಗುರುತು ಇನ್ನೂ ಇದೆ.

ಹಾಡು ಹೇಳುತ್ತಿದ್ದ ಹೆಂಗಸರೂ ಫೋನಿನತ್ತ ಬಗ್ಗಿದರು. ಬೀಗಿತ್ತಿ ವಿಡಿಯೋ ಕೊನೆಯವರೆಗೆ ನೋಡಿ, ಫೋನು ಚೀಲಕ್ಕೆ ಹಾಕಿ, ಅತ್ತೆಯ ಕಿವಿಯ ಹತ್ತಿರ ಬಾಗಿದರು.

"ಸೀರಿ ಭಾಳ ಛಲೋ ಐತ್ರಿ ಅಕ್ಕಾರ. ನಿನ್ನೆ ರಾತ್ರಿನೇ ನಾನೂ ಒಂದು ತರಸಾಕ ಹಾಕೀನಿ. 'ಆ ತಾಯಿ ಆಶೀರ್ವಾದ ಮಾಡಿದ್ದು ನನಗನ' ಅಂತ ಸೀರಿಯವಗ ಹೇಳಿದೆ. ಡೆಲಿವರಿ ಚಾರ್ಜ್ ಬಿಟ್ಟಾನ ನೋಡ್ರಿ!"